ನೀಲಗಂಗವ್ವನ ಸೊಂಟ ಅಳೆದ ಟೇಪು

ನಾನು ಒಂದು ಟೇಪು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ಹಳದಿ ಪಟ್ಟಿ. ಈಗ ಪೂರ್ತಿ ಟೇಪೂ ಅಲ್ಲ, ಒಂದು ತುಂಡು. ಒಂದು, ಎರಡು, ಮೂರು ಎಂಬ ಅಂಕಿಗಳು ನನ್ನಲ್ಲಿ ಇಲ್ಲ. ನಲವತ್ತು ದಾಟಿ ಮೇಲೆ ಹೋದ ಅಂಕಿಗಳಷ್ಟೇ ಉಳಿದಿವೆ. ಹಾಗೆ ಆದದ್ದು ಹೇಗೆ ಅನ್ನುವುದೇ ನನ್ನ ಕತೆ. ಮನುಷ್ಯರ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತು ಕಡಿಮೆ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ನಾನು ಹುಟ್ಟಿದ್ದು ಒಂದು ಉದ್ದನೆಯ ಶೆಡ್ಡಿನಲ್ಲಿ. ಹತ್ತಿಯ ಪಟ್ಟಿಗೆ ಮೇಣದಂಥ ಬಣ್ಣ ಬಳಿದು, ಬಿಸಿ ಉರುಳೆಗಳ ನಡುವೆ ಎಳೆದು, ಒಂದು ಮಗ್ಗುಲಿಗೆ ಇಂಚು, ಇನ್ನೊಂದು ಮಗ್ಗುಲಿಗೆ ಸೆಂಟಿಮೀಟರು ಒತ್ತಿದರು. ಎರಡೂ ತುದಿಗೆ ಹಿತ್ತಾಳೆಯ ತಗಡು ಮಡಚಿ ಸುತ್ತಿಗೆಯಿಂದ ಬಡಿದರು. ಆ ಪೆಟ್ಟೇ ನನಗೆ ಮನುಷ್ಯರ ಮೊದಲ ಪರಿಚಯ. ನಾನೂ ನನ್ನ ಜೊತೆ ಹುಟ್ಟಿದ ಟೇಪುಗಳೂ, ನಾವು ಬಟ್ಟೆ ಅಳೆಯಲು ಹೊರಟಿದ್ದೇವೆ ಅಂದುಕೊಂಡಿದ್ದೆವು. ಬಟ್ಟೆ ಅಳೆಯುವುದಕ್ಕೆ ಕಬ್ಬಿಣದ ಪಟ್ಟಿ ಬೇರೆ ಇದೆ, ನಿಮ್ಮ ಪಾಲಿಗೆ ಬಂದದ್ದು ಮೈ ಎಂದು ಯಾರೂ ಹೇಳಲಿಲ್ಲ.

ಬೆಟಗೇರಿಯ ಒಂದು ಸೂಜಿ ದಾರದ ಅಂಗಡಿಯಲ್ಲಿ ಕೆಲವು ಕಾಲ ಸುರುಳಿ ಸುತ್ತಿಕೊಂಡು ಮಲಗಿದ್ದೆ. ಅಲ್ಲಿಂದ ನನ್ನನ್ನು ಕೊಂಡು ಒಯ್ದವನು ಚನ್ನಮಲ್ಲಪ್ಪ. ಮಗ್ಗದವರ ಓಣಿಯಲ್ಲಿ ಅವನ ಹೊಲಿಗೆ ಅಂಗಡಿ. ಬಗ್ಗಿದ ಬೆನ್ನು, ಕಿವಿಯ ಹಿಂದೆ ಸಿಕ್ಕಿಸಿದ ಗುರುತಿನ ಸುಣ್ಣದ ಬಿಲ್ಲೆ, ಬಾಯಿ ತುಂಬ ಎಲೆ ಅಡಿಕೆ. ಬಾಯಿ ತುಂಬಿರುತ್ತಿದ್ದುದರಿಂದಲೋ ಏನೋ, ಮಾತು ಕಡಿಮೆ.

ಅವನು ಅಳತೆ ತೆಗೆಯುವ ರೀತಿ ಬೇರೆ ಯಾವ ದರ್ಜಿಗೂ ಇರಲಿಲ್ಲ. ಹೆಂಗಸರು ಜಂಪರು ಹೊಲಿಸಲು ಬಂದರೆ ನನ್ನನ್ನು ಮೈಸುತ್ತ ತಂದು, ತುದಿ ಬಂದು ಕೂಡಿದ ಕಡೆ ಹೆಬ್ಬೆರಳು ಊರಿ ಹಿಡಿಯುತ್ತಿದ್ದ. ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಬ್ಬೆರಳು ಕೀಳದೆ ಹಾಗೆಯೇ ನನ್ನನ್ನು ಬಟ್ಟೆಯ ಮೇಲೆ ಹಾಸಿ, ಉಗುರಿನ ಪಕ್ಕದಲ್ಲಿ ಬಿಲ್ಲೆಯಿಂದ ಗೆರೆ ಎಳೆಯುತ್ತಿದ್ದ. ಆ ಹೆಂಗಸು ಎಷ್ಟು ದಪ್ಪ, ಎಷ್ಟು ತೆಳ್ಳಗೆ ಎನ್ನುವುದು ಅವನ ಹೆಬ್ಬೆರಳಿಗೆ ಗೊತ್ತು, ಬಟ್ಟೆಗೆ ಗೊತ್ತು, ನನಗೆ ಗೊತ್ತು. ನಾಲ್ಕನೆಯವರಿಗೆ ಗೊತ್ತಿಲ್ಲ.

ಅವನ ಕೊರಳಿನಲ್ಲಿ ನೇತಾಡುತ್ತ ನಾನು ಜನರ ಮೈ ಓದುವುದು ಕಲಿತೆ. ತಾಯಿ ಬಂದಳು, ಕೆಲವು ವರ್ಷದ ಮೇಲೆ ಮಗಳು ಬಂದಳು. ಅದೇ ಅಗಲ ಬೆನ್ನು, ಅದೇ ಗಟ್ಟಿ ತೋಳು. ತಿಂದದ್ದಲ್ಲ ಅದು, ತಾಯಿಯ ಹೊಟ್ಟೆಯಿಂದಲೇ ಹೊತ್ತು ತಂದದ್ದು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಕಡ್ಡಿಯಂತಿದ್ದವನು ಕಿರಾಣಿ ಅಂಗಡಿ ಹಾಕಿ ಗಾದಿಯ ಮೇಲೆ ಕೂತ ಮೇಲೆ ಹೊಟ್ಟೆ ಬಿಟ್ಟ. ಗರಡಿಗೆ ಹೋಗುತ್ತಿದ್ದ ಪೈಲವಾನ ಗರಡಿ ಬಿಟ್ಟ, ಊಟ ಬಿಡಲಿಲ್ಲ. ಎದೆಯಲ್ಲಿದ್ದದ್ದು ಹೊಟ್ಟೆಗೆ ಇಳಿಯಿತು. ಬಾಣಂತನಕ್ಕೆ ತವರಿಗೆ ಹೋದವರು ಅಂಟಿನ ಉಂಡೆ ತಿಂದು ತುಂಬಿಕೊಂಡು ಬಂದರು. ಗಂಡ ಸತ್ತ ಒಬ್ಬಳು ಹಸಿವಿಲ್ಲದೆ ತಿನ್ನತೊಡಗಿದಳು. ಅವಳ ಕಣ್ಣೀರೆಲ್ಲ ಮೈಗೆ ಹೋಗಿ ಸೇರಿದ ಹಾಗಿತ್ತು. ಒಬ್ಬೊಬ್ಬರ ಮೈಗೆ ಒಂದೊಂದು ಕಾರಣ. ಓಣಿಯವರ ಬಾಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಕಾರಣ: ತಿಂದಾಳ.

ನೀಲಗಂಗವ್ವ ಆ ಮನೆಗೆ ಸೊಸೆಯಾಗಿ ಬಂದದ್ದು ಚನ್ನಮಲ್ಲಪ್ಪ ಇನ್ನೂ ಗಟ್ಟಿಯಾಗಿದ್ದಾಗ. ಮುಂಡರಗಿ ಕಡೆಯ ಹುಡುಗಿ, ತುಂಬಿದ ತೋಳು, ನಗುವ ಕಣ್ಣು. ಅವಳ ಮದುವೆಯ ಜಂಪರನ್ನು ಮಾವನೇ ಹೊಲಿದ. ಅಳತೆ ತೆಗೆಯುವಾಗ ಅವಳು ನಾಚಿಕೊಂಡು, "ಮಾವಾರ, ಎಷ್ಟು ಬಂತ್ರೀ?" ಅಂದಳು.

ಮುದುಕ ಎಲೆ ಅಡಿಕೆ ಉಗುಳಿ ಬಂದು, ಮೇಜಿನ ಮೇಲಿನ ಬಟ್ಟೆ ಸವರುತ್ತ ಹೇಳಿದ. "ಮೈ ಹೇಳಿದ್ದನ್ನ ಅರಿವಿಗೆ ಹೇಳಬೇಕವ್ವಾ, ಓಣಿಗೆ ಅಲ್ಲ. ನಿನಗೂ ಯಾಕ ಬೇಕದು?"

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. ಆ ಜಂಪರು ಮುಂದೆ ಅವಳ ಅಳತೆ ಜಂಪರಾಯಿತು. ಬೇರೆ ಯಾವುದನ್ನು ಹೊಲಿಯುವುದಿದ್ದರೂ ಅದನ್ನು ಮುಂದಿಟ್ಟುಕೊಂಡು ಕತ್ತರಿಸುವುದು ಅಂಗಡಿಯ ಪದ್ಧತಿ.

ಮುದುಕ ಹೋದ. ಅವನನ್ನು ಸಮಾಧಿಗೆ ಕೂರಿಸಿ ಬಂದ ಮೇಲೆ ಮಗ ಈರಸಂಗಪ್ಪ ಗೂಟದಿಂದ ನನ್ನನ್ನು ತೆಗೆದು ಕೊರಳಿಗೆ ಹಾಕಿಕೊಂಡ. ಅಂದಿನಿಂದ ನನ್ನ ನರಕ ಶುರುವಾಯಿತು.

ಈರಸಂಗಪ್ಪನಿಗೆ ಕೈಗಿಂತ ಬಾಯಿ ದೊಡ್ಡದು. ಅಳತೆ ತೆಗೆಯುವಾಗ ನನ್ನನ್ನು ಬಿಗಿಯಾಗಿ ಎಳೆದು ಅಂಕಿಯನ್ನು ರಸ್ತೆಗೆ ಕೇಳುವಂತೆ ಕೂಗುತ್ತಿದ್ದ. ಕೂಗಿ, ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತವರ ಮುಖ ನೋಡಿ ನಗುತ್ತಿದ್ದ. ಯಾರಾದರೂ ಮೈತುಂಬಿದ ಹೆಂಗಸು ಬಂದರೆ, "ಸಾಲಂಗಿಲ್ಲವಾ, ಇನ್ನೊಂದು ಟೇಪು ಗಂಟ ಹಾಕಬೇಕು" ಅನ್ನುವುದು ಅವನ ಕಾಯಂ ಮಾತು. ಬೇಸರವಾದಾಗ ನನ್ನನ್ನು ಮೇಜಿನ ಮೇಲೆ ಬಾರಕೋಲಿನಂತೆ ಬೀಸಿ ಹೊಡೆಯುತ್ತಿದ್ದ. ಅವನ ಬೆವರು ನನ್ನ ಅಂಕಿಗಳನ್ನು ತಿಂದಿತು. ಮಿರ್ಚಿ ಭಜಿ ತಿಂದ ಎಣ್ಣೆ ಕೈ ನನ್ನ ಮೈಗೇ ಒರೆಸುತ್ತಿದ್ದ.

ಹಾಲು ಮಾರುವ ಹೊಳೆಬಸವ್ವ ಒಬ್ಬಳೇ ಅವನಿಗೆ ತಿರುಗಿ ಅಂದವಳು. ಎತ್ತರದ, ದೊಡ್ಡ ಮೈಯ ಹೆಂಗಸು. ಅವನು ಅವಳ ಸೊಂಟದ ಅಂಕಿ ಕೂಗಿದಾಗ, "ಏ ಈರ್ಸಂಗ್ಯಾ, ನಿನ್ನ ಅಂಗಿ ಗುಂಡಿ ಹರಕೊಂಡು ಹೊರಗ ಬಂದೈತಲ್ಲ, ಆ ಗುಡಾಣ ಅಳಿ ಮೊದಲ. ಆಮ್ಯಾಲ ನನ್ನ ಅಳೀವಂತಿ" ಅಂದಳು. ಕಟ್ಟೆಯವರು ನಕ್ಕರು. ಅವನೂ ನಕ್ಕ. ಗಂಡಸಿನ ಹೊಟ್ಟೆ ಅವನ ಪ್ರಕಾರ ಹೊಟ್ಟೆಯಲ್ಲ, ಅನುಕೂಲಸ್ಥ ಅನ್ನುವುದಕ್ಕೆ ಗುರುತು. ಅದರ ಮೇಲೆ ನಾನು ದಿನವೂ ನೇತಾಡುತ್ತಿದ್ದೆ. ಸುತ್ತ ಹೋಗಲು ಯಾರೂ ನನ್ನನ್ನು ಕಳಿಸಲಿಲ್ಲ.

ನೀಲಗಂಗವ್ವ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಹುಕ್ಕು ಹಚ್ಚುವುದು, ಕಾಜ ಮಾಡುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು, ಎಲ್ಲ ಮಾಡುತ್ತಿದ್ದಳು. ಒಂದು ಹೆಣ್ಣು ಮಗುವಾಯಿತು. ಬಾಣಂತನದ ಮೈ ಬಂತು. ಅದು ನನಗೆ ಗುರುತಿನ ಮೈ. ಎಲ್ಲ ಕಡೆ ಸಮನಾಗಿ ಬಂದು, ಮಗಳು ನಡೆಯುವ ಹೊತ್ತಿಗೆ ಅಷ್ಟಿಷ್ಟು ಇಳಿಯಿತು. ಮಗಳು ಶಾಲೆಗೆ ಹೋಗುವ ವಯಸ್ಸಿಗೆ ಅವಳ ಮಂಡಿ ಹಿಡಿಯಿತು. ಕೂತರೆ ಏಳಲಾಗದು. ಎದ್ದರೆ ಕೂರಲಾಗದು. ಲಗ್ನದ ಸುಗ್ಗಿ ಎದುರಿಗಿತ್ತು, ಜಂಪರುಗಳು ಗುಡ್ಡೆ ಬಿದ್ದಿದ್ದವು.

ಕಾಯಿಪಲ್ಯದ ಸಂತೆಯ ಮೂಲೆಯಲ್ಲಿ ಬೇರು ನಾರಿನ ಶೀಶೆಗಳನ್ನು ಹರಡಿಕೊಂಡು ಶಂಭಯ್ಯ ಎಂಬವನು ಕೂರುತ್ತಿದ್ದ. ಮಂಡಿನೋವು, ಬೆನ್ನುನೋವು, ಉಬ್ಬಸ, ಎಲ್ಲಕ್ಕೂ ಅವನ ಬಳಿ ಒಂದೇ ಬೂದುಬಣ್ಣದ ಪುಡಿ. ಈರಸಂಗಪ್ಪ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನನ್ನ ಹೆಣ್ತಿ ಕೈ ನಿಲ್ಲಬಾರದು ನೋಡು, ಅಂಥಾದ್ದ ಕೊಡು" ಅಂದ. ನಾನು ಅವನ ಕೊರಳಲ್ಲೇ ಇದ್ದೆ. ಶಂಭಯ್ಯ ಬೇರಿನ ಪುಡಿಗೆ ಮತ್ತೊಂದು ಡಬ್ಬಿಯಿಂದ ಬಿಳಿ ಗುಳಿಗೆ ಅರೆದು ಬೆರೆಸುವುದನ್ನು ನಾನೂ ನೋಡಿದೆ, ಈರಸಂಗಪ್ಪನೂ ನೋಡಿದ. ಯಾವ ಗುಳಿಗೆ ಎಂದು ಅವನು ಕೇಳಲಿಲ್ಲ.

ಪುಡಿ ಕೆಲಸ ಮಾಡಿತು. ಎರಡೇ ದಿನಕ್ಕೆ ನೀಲಗಂಗವ್ವ ಓಡಾಡಿದಳು. ಮನೆಯವರೆಲ್ಲ ಶಂಭಯ್ಯನಿಗೆ ಕೈಮುಗಿದರು. ಪೊಟ್ಟಣಗಳು ತಪ್ಪದೆ ಬರತೊಡಗಿದವು. ಪುಡಿಯ ಜೊತೆಗೆ ಅವಳಿಗೆ ಹಸಿವೂ ಬಂತು. ಅದು ಅವಳ ಹಸಿವಾಗಿರಲಿಲ್ಲ, ಬೇರೆ ಯಾರೋ ಹೊಟ್ಟೆಯಲ್ಲಿ ಕೂತು ಬೇಡುತ್ತಿದ್ದಂತಿತ್ತು. ಮುಖ ಗುಂಡಗಾಯಿತು, ಕೆನ್ನೆ ಕೆಂಪೇರಿತು. ಮೊದಮೊದಲು ಗಂಡನಿಗೆ ಖುಷಿಯೇ. "ಮಾರಿ ಹುಣ್ಣಿವಿ ಚಂದ್ರನಂಗ ಆಗೈತಿ" ಅನ್ನುತ್ತಿದ್ದ. ವರ್ಷ ಒಪ್ಪತ್ತಿಗೆ ಹೊಟ್ಟೆ ಮುಂದೆ ಬಂತು, ಕತ್ತಿನ ಹಿಂದೆ, ಹೆಗಲ ನಡುವೆ ಒಂದು ದಿಂಡು ಎದ್ದಿತು. ಆಗ ಚಂದ್ರನ ಮಾತು ನಿಂತಿತು.

ಓಣಿಯ ಎರಡು ಮನೆ ಆಚೆ ಈರಸಂಗಪ್ಪನ ಅಕ್ಕ ದಾನವ್ವ ಇದ್ದಳು. ಗಂಡನಿಲ್ಲದ ಹೆಂಗಸು. ತಮ್ಮನ ಮನೆಯ ಯಜಮಾನಿಕೆ ಕೂಡ ಅವಳದೇ. "ಮನಿ ಮಂದಿಗೆಲ್ಲಾ ಸೇರಿ ಮಾಡಿದ ರೊಟ್ಟಿ ಒಬ್ಬಾಕೀನ ಬಡೀತಾಳ" ಅಂತ ತಮ್ಮನ ಕಿವಿಗೆ ಊದಿದಳು. ಬೆಲ್ಲದ ಡಬ್ಬಿ, ಶೇಂಗಾದ ಡಬ್ಬಿ ತನ್ನ ಮನೆಗೆ ಒಯ್ದಳು. ಅಡುಗೆ ಕೋಣೆಯ ಕಪಾಟಿಗೆ ಬೀಗ ಬಿತ್ತು. ಕೀಲಿ ದಾನವ್ವನ ಸೆರಗಿನಲ್ಲಿ. ಮಗಳು ಶಾಲೆಯಿಂದ ಬಂದು ತಿನ್ನಲು ಕೇಳಿದರೆ ನೀಲಗಂಗವ್ವ ಅವಳನ್ನು ದಾನವ್ವನ ಮನೆಗೆ ಕಳಿಸಬೇಕಾಯಿತು.

ಇನ್ನು ಜಂಪರಿನ ಮಾತು. ಹೆಂಡತಿಗೆ ಅಂಗಡಿಯಲ್ಲಿ ನಿಂತು ಟೇಪು ಹಚ್ಚುವುದು ಈರಸಂಗಪ್ಪನಿಗೆ ಅವಮಾನ. ಕಟ್ಟೆಯವರು ಆಡಿಕೊಳ್ಳುತ್ತಾರೆ ಎಂದು ಅವನ ಎಣಿಕೆ. ಆದ್ದರಿಂದ ಅದೇ ಮದುವೆಯ ಅಳತೆ ಜಂಪರು ಮುಂದಿಟ್ಟುಕೊಂಡು, ಕಣ್ಣಳತೆಯಲ್ಲಿ ಅಗಲ ಮಾಡಿ ಕತ್ತರಿಸುತ್ತಿದ್ದ. ಹಳೆಯ ಜಂಪರುಗಳ ಪಕ್ಕೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದು ಹೊಲಿಯುತ್ತಿದ್ದ. ಹೊಟ್ಟೆಯ ಮೇಲೆ ಹುಕ್ಕು ಕೂಡುತ್ತಿರಲಿಲ್ಲ. ಬೆನ್ನು ಮೇಲಕ್ಕೆ ಏರಿ ನಿಲ್ಲುತ್ತಿತ್ತು. ತೋಳು ಮಾತ್ರ ಜೋಲುತ್ತಿತ್ತು. ತೋಳು ಜೋಲಿದ್ದು ಕಂಡು, "ಎಳದೆಳದು ಅರಿವಿ ಹಾಳ ಮಾಡ್ತಿ" ಅಂತ ಅವಳನ್ನೇ ಬೈದ. ಯಾವುದೇ ಗಿರಾಕಿಯಾಗಿದ್ದರೆ ಮತ್ತೊಮ್ಮೆ ಟೇಪು ಹಚ್ಚಿ ನೋಡುತ್ತಿದ್ದ. ಹೆಂಡತಿಯಾದ್ದರಿಂದ ನೋಡಲಿಲ್ಲ.

ಕೊನೆಗೆ ಅವನು ನನ್ನನ್ನು ಅವಳಿಗೆ ಹಚ್ಚಿದ, ಹೊಲಿಯುವುದಕ್ಕಲ್ಲ. ಅದು ದಾನವ್ವ ಕೊಟ್ಟ ಬುದ್ಧಿ. ಪ್ರತಿ ಸೋಮವಾರ ನಡುಮನೆಯಲ್ಲಿ ಅವಳನ್ನು ನಿಲ್ಲಿಸಿ ಹೊಟ್ಟೆಯ ಸುತ್ತ ನನ್ನನ್ನು ಎಳೆದು ಅಂಕಿ ಕೂಗುವುದು, ದಾನವ್ವ ಬಾಗಿಲಲ್ಲಿ ನಿಂತು ಕೇಳುವುದು. ಕಿಟಕಿಯ ಆಚೆ ಓಣಿ. ಮೊದಲ ಸೋಮವಾರ ಅವನು ಹೇಳಿದ: "ದೀಪಾವಳಿ ಪಾಡ್ಯದೊಳಗ ಇಳೀಲಿಲ್ಲಂದ್ರ ನಿನ್ನ ತವರಿಗೆ ಬಿಟ್ಟು ಬರ್ತೇನಿ. ಮಗಳು ಇಲ್ಲೇ ಇರ್ತಾಳ. ಇಂಥಾ ಮೈ ಇಟ್ಕೊಂಡು ಟೇಲರ ಹೆಣ್ತಿ ಅಂತ ಮುಂದ ಕುಂಡ್ರಬ್ಯಾಡ."

"ಇಳಿಸ್ತೇನ್ರಿ" ಅಂದಳು ನೀಲಗಂಗವ್ವ.

ಮಗಳನ್ನು ಬಿಟ್ಟು ಹೋಗಬೇಕು ಅನ್ನುವ ಹೆದರಿಕೆ ಅವಳನ್ನು ಹಿಡಿಯಿತು. ಒಂದು ರೊಟ್ಟಿ ಅರ್ಧವಾಯಿತು. ಹೊಟ್ಟೆ ಸಂಕಟಪಟ್ಟರೆ ನೀರು ಕುಡಿದಳು. ಮಂಡಿ ಎಳೆದುಕೊಂಡು ಕೆರೆಯ ದಂಡೆಯವರೆಗೆ ನಡೆದು ಬಂದಳು. ಬಸ್ ಸ್ಟ್ಯಾಂಡಿನ ತೂಕದ ಮಷೀನು ಹತ್ತಿ ಇಳಿದಳು. ಆ ಮಷೀನನ್ನು ನಾನು ಬಲ್ಲೆ. ಬಣ್ಣದ ದೀಪ ಕುಣಿಸುತ್ತದೆ, ತಲೆ ಇಲ್ಲ. ಎಲುಬೆಷ್ಟು, ನೀರೆಷ್ಟು, ಕೊಬ್ಬೆಷ್ಟು ಅದಕ್ಕೆ ತಿಳಿಯದು. ಹತ್ತಿದವರ ಕೈಯ ಚೀಲವನ್ನೂ ಸೇರಿಸಿ ತೂಗಿಬಿಡುತ್ತದೆ. ನಾನು ಮೈಗೆ ಅಂಟಿ ನಡೆದವನು, ನನಗೆ ಅದಕ್ಕಿಂತ ತುಸು ಹೆಚ್ಚು ಗೊತ್ತಿತ್ತು. ಅವಳ ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಸೀಳಿದ್ದವು. ಬಾಣಂತಿಯರ ಗೆರೆ ಬೆಳ್ಳಗಿರುತ್ತದೆ, ಇವು ಹಸಿ ಗಾಯದಂತೆ ಇದ್ದವು. ನಾನು ಬಿಗಿದ ಕಡೆ ಕಪ್ಪಗೆ ಕಂದುತ್ತಿತ್ತು. ಪ್ರತಿ ಸೋಮವಾರ ಅಂಕಿ ಮೇಲೆಯೇ ಹೋಯಿತು.

"ಕದ್ದು ತಿಂತಿ" ಅಂದ ಗಂಡ.

"ದೇವರಾಣಿ ಇಲ್ರೀ."

"ಹಂಗಾರ ಗಾಳಿ ಕುಡದು ಬೆಳದೀ ಏನು?" ಅಂದಳು ದಾನವ್ವ.

ಇಷ್ಟೆಲ್ಲ ಅಂದ ಮೇಲೂ ಅದೇ ಈರಸಂಗಪ್ಪ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ಅವಳ ಮುಂದಿಡುತ್ತಿದ್ದ. ದೀಪಾವಳಿಯ ಹೊಲಿಗೆ ಬಂದಿತ್ತಲ್ಲ, ಕೈ ನಿಲ್ಲಬಾರದು. ಅವನ ಕೊರಳಿನಿಂದ ಇಳಿದು ಎರಡೂ ತುದಿಯಿಂದ ಬಿಗಿದು ಹಿಡಿಯಬೇಕು ಅನ್ನಿಸುತ್ತಿತ್ತು ನನಗೆ. ಆದರೆ ಟೇಪಿಗೆ ಕೈ ಎಲ್ಲಿದೆ?

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಈರಸಂಗಪ್ಪ ಉಂಡು ಮಲಗಿದ್ದ. ನಾನು ಮೇಜಿನ ಮೇಲೆ ಬಿದ್ದಿದ್ದೆ. ನೀಲಗಂಗವ್ವ ತನ್ನ ಹರಿದ ಜಂಪರನ್ನು ತಾನೇ ಸರಿಮಾಡಲು ಕೂತಳು. ಪಕ್ಕೆಯ ಹೊಲಿಗೆ ಬಿಚ್ಚಿದಳು. ಒಳಗಿನ ಬಟ್ಟೆ ಮುಗಿದಿತ್ತು, ಬಿಚ್ಚಿ ಬಿಚ್ಚಿ ಅಂಚಿಗೆ ಬಂದಿತ್ತು. ತೋಳನ್ನು ನೋಡಿದಳು. ಅದನ್ನು ಅವಳೇ ಎರಡು ಸಲ ಒಳಗೆ ಹಿಡಿದು ಸಣ್ಣದು ಮಾಡಿಕೊಂಡಿದ್ದಳು. ಜೋಲುತ್ತದೆ ಅಂತ ಮಾಡಿದ್ದು, ಯಾಕೆ ಜೋಲುತ್ತದೆ ಅಂತ ಯೋಚಿಸಿರಲಿಲ್ಲ. ಈಗ ಪಕ್ಕೆಯನ್ನೂ ತೋಳನ್ನೂ ತೊಡೆಯ ಮೇಲೆ ಅಕ್ಕಪಕ್ಕ ಹರಡಿ ನೋಡಿದಳು.

ಆಮೇಲೆ ಗೂಟದಿಂದ ಅಳತೆ ಜಂಪರು ತಂದಳು, ಮಾವ ಹೊಲಿದದ್ದು. ನನ್ನನ್ನು ಎತ್ತಿಕೊಂಡು ತನ್ನ ತೋಳಿಗೆ ಸುತ್ತಿದಳು. ಕೂಡಿದ ಕಡೆ ಹೆಬ್ಬೆರಳು ಊರಿದಳು, ಥೇಟು ಮುದುಕನ ಹಾಗೆ. ಹೆಬ್ಬೆರಳು ಕೀಳದೆ ನನ್ನನ್ನು ಮದುವೆಯ ಜಂಪರಿನ ತೋಳಿನ ಮೇಲೆ ಹಾಸಿದಳು. ಅವಳ ಈಗಿನ ತೋಳು ಮದುವೆಯ ಹುಡುಗಿಯ ತೋಳಿಗಿಂತ ಸಣ್ಣದಾಗಿತ್ತು.

"ತಿಂದಿದ್ದು ಹೊಟ್ಟಿಗೆ ಹೋಗೈತಿ ಅಂತಾರ" ಅಂದಳು, ತನಗೆ ತಾನೇ. "ತೋಳಿನ ಮಾಂಸ ಯಾರು ತಿಂದ್ರು?"

ಮಗಳು ಶಾಲೆಯಿಂದ ಬರುವುದಕ್ಕೆ ಮೊದಲೇ ಸೆರಗು ಹೊದ್ದುಕೊಂಡು, ನನ್ನನ್ನು ಸುತ್ತಿ ಸೊಂಟದ ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ದವಾಖಾನೆಗೆ ಹೊರಟಳು. ಚೀಲದಲ್ಲಿ ನನ್ನ ಪಕ್ಕದಲ್ಲಿ ಒಂದು ಪೊಟ್ಟಣ ಇತ್ತು. ಅದರ ಕಹಿ ವಾಸನೆ ನನ್ನ ಮೈಗೆ ಹತ್ತಿತು.

ದವಾಖಾನೆಯ ಡಾಕ್ಟರು ಕಣ್ಣ ಕೆಳಗೆ ಕಪ್ಪುಗಟ್ಟಿದ, ನಗಲು ಪುರುಸೊತ್ತಿಲ್ಲದ ಹೆಂಗಸು. ನೀಲಗಂಗವ್ವ ಒಳಗೆ ಕಾಲಿಟ್ಟ ಕೂಡಲೇ ಅವಳ ಮುಖ ನೋಡಿದರು, ಎದ್ದು ಬಂದು ಹಿಂದೆ ನಿಂತು ಕತ್ತಿನ ದಿಂಡು ಮುಟ್ಟಿದರು. ತೂಕ ನೋಡಿದರು, ಗೋಡೆಗೆ ನಿಲ್ಲಿಸಿ ಎತ್ತರ ನೋಡಿದರು. ಸೊಂಟ ಅಳೆಯಲು ಟೇಪು ಹುಡುಕುತ್ತಿದ್ದಾಗ ನೀಲಗಂಗವ್ವ ನನ್ನನ್ನು ಮುಂದೆ ಹಿಡಿದಳು. ಡಾಕ್ಟರು ನನ್ನನ್ನು ತಮ್ಮ ಅಳತೆಪಟ್ಟಿಯ ಪಕ್ಕ ಹಿಡಿದು ನೋಡಿ, "ಇದು ಹಳೇದಾಗಿ ಹಿಗ್ಗಿದೆ, ಕಡಿಮೆ ತೋರಿಸುತ್ತೆ" ಅಂದು ಬದಿಗಿಟ್ಟರು. ನನಗೆ ನಾಚಿಕೆಯಾಗಲಿಲ್ಲ. ವಯಸ್ಸಿಗೆ ಹಿಗ್ಗದವರು ಯಾರಿದ್ದಾರೆ?

ಮೇಜಿನ ಖಾನೆಯಿಂದ ಅವರು ಒಂದು ಇಕ್ಕಳ ತೆಗೆದರು. ತೋಳಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ, ಆ ಮಡಿಕೆಗೆ ಇಕ್ಕಳ ಹಚ್ಚಿದರು. ಮುಳ್ಳು ಸರಿದು ನಿಂತಿತು. ಚರ್ಮದ ಕೆಳಗಿನ ಕೊಬ್ಬು ಎಷ್ಟು ದಪ್ಪ ಅನ್ನುವುದನ್ನು ಹೇಳುವ ಸಾಮಾನು ಅದು. ನಾನು ಸುತ್ತು ಬರುವವನು, ಅದು ಚಿವುಟಿ ತಿಳಿಯುವುದು. ತೋಳಿನಲ್ಲಿ ಅದಕ್ಕೆ ಹಿಡಿಯಲು ಹೆಚ್ಚೇನೂ ಸಿಗಲಿಲ್ಲ. ಹೊಟ್ಟೆಯಲ್ಲಿ ಬಾಯಿ ತುಂಬ ಸಿಕ್ಕಿತು.

"ಏನು ಔಷಧಿ ತಗೊಳ್ತಾ ಇದ್ದೀರಿ?" ಅಂದರು ಡಾಕ್ಟರು.

"ಔಷಧಿ ಏನಿಲ್ರೀ. ಮಂಡಿನೋವಿನ ಪುಡಿ, ಬೇರಿಂದು" ಅಂದು ಪೊಟ್ಟಣ ಬಿಚ್ಚಿ ಇಟ್ಟಳು.

ಡಾಕ್ಟರು ಬೆರಳ ತುದಿಯಿಂದ ಪುಡಿ ಸರಿಸಿದರು. ಬೂದಿಯ ನಡುವೆ ಬಿಳಿ ಕಾಳು ಕಂಡಿತು. "ಬೇರು ಅಲ್ಲ ಇದು. ಸ್ಟೆರಾಯ್ಡ್ ಬೆರೆಸಿರ್ತಾರೆ. ನೋವು ಮುಚ್ಚುತ್ತೆ, ಹಸಿವು ಏರಿಸುತ್ತೆ, ಕೈಕಾಲಿನ ಮಾಂಸ ಕರಗಿಸಿ ಮುಖಕ್ಕೆ, ಹೊಟ್ಟೆಗೆ ಕೊಬ್ಬು ತುಂಬುತ್ತೆ. ಸಕ್ಕರೆ ಕಾಯಿಲೆನೂ ತರುತ್ತೆ, ರಕ್ತ ನೋಡೋಣ. ಆದರೆ ಕೇಳಿ, ಇದನ್ನ ಒಮ್ಮೆಲೆ ಬಿಡಬೇಡಿ, ಜೀವಕ್ಕೇ ಅಪಾಯ. ನಾನು ಕೊಡೋ ಗುಳಿಗೆ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಹೋಗಬೇಕು."

ನೀಲಗಂಗವ್ವ ತನ್ನ ತೋಳನ್ನು ತಾನೇ ಮುಟ್ಟಿ ನೋಡಿಕೊಂಡಳು. ಆಮೇಲೆ, "ಹಂಗಾರ ನಾ ತಿಂದು ಕೆಟ್ಟಿಲ್ಲೇನ್ರಿ?" ಅಂದಳು.

"ತಿಂದದ್ದೂ ಸೇರಿರುತ್ತೆ. ಕೂತ ಕೆಲಸನೂ ಸೇರಿರುತ್ತೆ. ನಿಮ್ಮ ತಾಯಿ ದಪ್ಪಗಿದ್ದರೆ ಅದೂ. ಮೈ ಬರೋದಕ್ಕೆ ಒಂದೇ ದಾರಿ ಇಲ್ಲಮ್ಮ. ಆದರೆ ಇಷ್ಟು ಬೇಗ, ಈ ಥರ ಬಂದಿದ್ದು ಇದರಿಂದ." ಡಾಕ್ಟರು ಪೊಟ್ಟಣ ಮಡಚಿದರು. "ಯಾರು ಕೊಟ್ಟರೋ ಅವರ ಹೆಸರು ಬೇಕು. ಕೈಯಾರೆ ಕೊಂಡು ತಂದವರೇ ಬಂದು ಹೇಳಬೇಕು, ಅವರನ್ನ ಕರಕೊಂಡು ಬನ್ನಿ. ಇನ್ನೂ ಎಷ್ಟು ಜನ ತಿಂತಿದ್ದಾರೋ."

ಅವಳು ತಿರುಗಿ ಬಂದಾಗ ಅಂಗಡಿ ತುಂಬಿತ್ತು. ಹಬ್ಬದ ಜಂಪರು ಒಯ್ಯಲು ಹೊಳೆಬಸವ್ವನೂ ಬಂದಿದ್ದಳು. ದಾನವ್ವ ಬಾಗಿಲಲ್ಲಿ ನಿಂತಿದ್ದಳು. ಈರಸಂಗಪ್ಪ ಬರಿ ಕೊರಳಲ್ಲಿ ನಿಂತು ನನ್ನನ್ನು ಹುಡುಕುತ್ತಿದ್ದ.

"ಎಲ್ಲಿ ಹೋಗಿದ್ದಿ? ಟೇಪು ತಗೊಂಡು ಹೋಗಿ ಊರ ಅಳ್ಯಾಕ ಹೋಗಿದ್ದಿ ಏನು?"

"ದವಾಖಾನಿಗೆ ಹೋಗಿದ್ದೆ. ನೀವು ಶಂಭಯ್ಯನ ಕಡಿಂದ ತಂದು ಕೊಡ್ತೀರಲ್ಲ, ಆ ಪುಡಿಯಿಂದ ನನ್ನ ಮೈ ಹಿಂಗ ಆಗೈತಂತ. ಡಾಕ್ಟರು ನಿಮ್ಮನ್ನ ಕರದಾರ. ಬರ್ರಿ, ಅವನ ಹೆಸರು ಹೇಳ್ರಿ. ಅಷ್ಟ ಸಾಕು."

ಅವಳು ಕೇಳಿದ್ದು ಅಷ್ಟೇ. ಅವನು ಬಂದಿದ್ದರೆ, ಬೈಯುತ್ತಲೇ ಬಂದಿದ್ದರೂ, ಈ ಕತೆ ಬೇರೆ ಇರುತ್ತಿತ್ತು. ಈರಸಂಗಪ್ಪ ಕಟ್ಟೆಯವರ ಮುಖ ನೋಡಿದ, ಅಕ್ಕನ ಮುಖ ನೋಡಿದ. ಆಮೇಲೆ ನಕ್ಕ.

"ಯಾವ ಪುಡಿ? ನಾ ಯಾವ ಪುಡಿ ಕೊಟ್ಟೇನಿ? ನೋಡ್ರಪಾ, ಬಾಯಿ ಕಟ್ಟಾಕ ಆಗಂಗಿಲ್ಲ, ಅದಕ್ಕ ಪುಡಿ ಮ್ಯಾಲ ಹಾಕ್ತಾಳ!"

"ಹೂಂ ಮತ್ತ" ಅಂದಳು ದಾನವ್ವ. "ನನ್ನ ತಮ್ಮ ಹೇಳಿದ್ನೇನು ತಿನ್ನು ಅಂತ?"

ಯಾರೋ ಒಬ್ಬರು ನಕ್ಕರು. ನೀಲಗಂಗವ್ವ ಚೀಲದಿಂದ ನನ್ನನ್ನು ತೆಗೆದಳು. ನೇರವಾಗಿ ಗಂಡನ ಮುಂದೆ ಹೋದಳು. ಅವನಿಗೆ ತಿಳಿಯುವ ಮೊದಲೇ ನನ್ನನ್ನು ಅವನ ಹೊಟ್ಟೆಯ ಸುತ್ತ ತಂದಿದ್ದಳು. ಇಷ್ಟು ವರ್ಷ ಮೇಲಿನಿಂದ ನೇತಾಡುತ್ತ ನೋಡಿದ ಆ ಹೊಟ್ಟೆಯನ್ನು ಮೊದಲ ಸಲ ಸುತ್ತು ಬಂದೆ. ದಾರಿ ದೂರವೇ ಇತ್ತು. ಕೂಡಿದ ಕಡೆ ಅವಳು ಹೆಬ್ಬೆರಳು ಊರಿದಳು.

ಅಂಗಡಿಯೆಲ್ಲ ಅಂಕಿಗೆ ಕಾಯುತ್ತಿತ್ತು. ಹೊಳೆಬಸವ್ವ, "ಕೂಗು, ತಂಗಿ, ಕೂಗು!" ಅಂದಳು.

"ಇಲ್ಲಕ್ಕಾ" ಅಂದಳು ನೀಲಗಂಗವ್ವ. "ಮಾವಾರು ಎಂದೂ ಕೂಗಲಿಲ್ಲ. ನಾನೂ ಕೂಗಂಗಿಲ್ಲ."

ಹೆಬ್ಬೆರಳು ಕೀಳದೆ ನನ್ನನ್ನು ಅವನ ಹೊಟ್ಟೆಯಿಂದ ಬಿಡಿಸಿ, ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡಳು. ಈರಸಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅವನ ಕಡೆ ನೋಡಲೇ ಇಲ್ಲ. ಉಗುರಿನ ಪಕ್ಕಕ್ಕೆ ಕತ್ತರಿ ಇಟ್ಟು ನನ್ನನ್ನು ಕತ್ತರಿಸಿದಳು. ನೋವಾಯಿತೇ ಎಂದು ಕೇಳಬೇಡಿ. ಹುಟ್ಟಿದ ದಿನ ತಿಂದ ಪೆಟ್ಟಿಗಿಂತ ಇದು ಹಗುರವಾಗಿತ್ತು.

ಉದ್ದನೆಯ ತುಂಡನ್ನು ಗಂಡನ ಕೊರಳಿಗೆ ಹಾಕಿದಳು. "ಇದು ನಿಮ್ಮ ಅಳತಿ. ಇದರಾಗ ಸಣ್ಣ ನಂಬರ ಎಲ್ಲಾ ಅದಾವ, ನಿಮಗ ಸಾಕು. ದೊಡ್ಡ ನಂಬರ ನಾ ಒಯ್ತೇನಿ. ಇನ್ನ ಈ ಟೇಪು ಹಿಡದು ಯಾರ ದೊಡ್ಡ ಮೈನೂ ಓಣ್ಯಾಗ ಕೂಗಾಕ ಬರಂಗಿಲ್ಲ ನಿಮಗ."

ಯಾರೂ ನಗಲಿಲ್ಲ. ದಾನವ್ವ ಬಾಯಿ ತೆರೆದಳು. ಹೊಳೆಬಸವ್ವ ಅವಳ ಮುಂದೆ ಹೋಗಿ ಅಡ್ಡ ನಿಂತಳು. ಆ ದೊಡ್ಡ ಮೈ ಅಂದು ಬಾಗಿಲಿಗೆ ಸರಿಯಾಗಿ ಹೊಂದಿತು.

ಪಾಡ್ಯಕ್ಕೆ ಅವನು ಕಳಿಸುವವರೆಗೆ ಅವಳು ಕಾಯಲಿಲ್ಲ. ಆ ಸಂಜೆಯೇ ಮಗಳನ್ನು ಕೈಹಿಡಿದು, ಮಾವನ ಅಳತೆ ಜಂಪರನ್ನೂ ನನ್ನನ್ನೂ ಗಂಟಿನಲ್ಲಿ ಕಟ್ಟಿಕೊಂಡು ಮುಂಡರಗಿ ಬಸ್ಸು ಹತ್ತಿದಳು. "ಮಗಳನ್ನ ಬಿಟ್ಟು ಹೋಗು" ಅನ್ನಲು ಈರಸಂಗಪ್ಪ ಹೊಸಿಲಿಗೆ ಬಂದ. ಹೊಳೆಬಸವ್ವನ ಹಾಲಿನ ಕ್ಯಾನುಗಳು ಬಾಗಿಲಿಗೆ ಅಡ್ಡವಾಗಿ ನಿಂತಿದ್ದವು. ಅವನು ದಾಟಲಿಲ್ಲ. ಅವನು ಮರುದಿನವೇ ಹೊಸ ಟೇಪು ಕೊಂಡನಂತೆ. ಕೊಳ್ಳಲಿ. ಆದರೆ ಹೆಂಗಸರು ಈಗ ಅಲ್ಲಿಗೆ ಜಂಪರು ಒಯ್ಯುವುದು ಕಡಿಮೆ ಎಂದು ಆ ಕಡೆಯಿಂದ ಬಂದವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ನನಗೆ ಅದು ಕೇಳಲು ಇಂಪಾಗಿತ್ತು.

ನೀಲಗಂಗವ್ವ ಡಾಕ್ಟರು ಹೇಳಿದಂತೆ ಗುಳಿಗೆಯನ್ನು ಇಳಿಸುತ್ತ ಇಳಿಸುತ್ತ ಬಿಟ್ಟಳು. ಅದು ಸುಲಭದ ಕಾಲವಾಗಿರಲಿಲ್ಲ. ಮಂಡಿಯ ನೋವು ತಿರುಗಿ ಬಂದು ಅಳಿಸಿತು. ಮುಖ ಇಳಿಯಿತು, ಕತ್ತಿನ ದಿಂಡು ಕರಗಿತು, ತೋಳಿಗೆ ಮಾಂಸ ಬಂತು. ಹೊಟ್ಟೆ ಅಷ್ಟು ಇಳಿದು ಅಲ್ಲಿಗೆ ನಿಂತಿತು. ಅವಳ ತಾಯಿಯೂ ದಪ್ಪ, ಅಜ್ಜಿಯೂ ದಪ್ಪ. ಉಳಿದದ್ದು ಪುಡಿಯದಲ್ಲ, ಮನೆತನದ್ದು. ಅವಳು ಅದನ್ನು ಹಾಗೆಯೇ ಇಟ್ಟುಕೊಂಡಳು. ತವರಿನಲ್ಲೇ ಎತ್ತರದ ಸ್ಟೂಲಿನ ಮೇಲೆ ಕೂತು ಹೊಲಿಗೆ ಮಷೀನು ತುಳಿಯುತ್ತಾಳೆ, ಸಂಜೆ ಮಗಳ ಜೊತೆ ನಡೆದು ಬರುತ್ತಾಳೆ. ಜಂಪರು ಹೊಲಿಸಲು ಬಂದವರ ಅಳತೆಯನ್ನು ಹೆಬ್ಬೆರಳಲ್ಲಿ ಹಿಡಿಯುತ್ತಾಳೆ.

ನಾನು ಅಳತೆಗೆ ಬಾರದವನು. ಒಂದು ಎಂಬ ಅಂಕಿಯೇ ಇಲ್ಲದ ಟೇಪಿನಿಂದ ಯಾರನ್ನು ಅಳೆಯುತ್ತಾರೆ? ಅವಳು ನನ್ನನ್ನು ಹಿತ್ತಲಿನ ಕುಂಬಳ ಬಳ್ಳಿಗೆ ಕಟ್ಟಿದ್ದಾಳೆ. ಹಂದರದಿಂದ ಜೋತ ಒಂದು ಕಾಯಿಯ ಭಾರಕ್ಕೆ ಬಳ್ಳಿ ಹರಿಯದಂತೆ ಅದನ್ನು ಹಿಡಿದಿದ್ದೇನೆ.

ಒಮ್ಮೆ ಈರಸಂಗಪ್ಪ ಬಂದ. ಬೇಲಿಯ ಆಚೆ ನಿಂತು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. ಮಗಳು ಹೇಗಿದ್ದಾಳೆ ಅನ್ನಲಿಲ್ಲ, ನೀನು ಹೇಗಿದ್ದಿ ಅನ್ನಲಿಲ್ಲ. "ಎಷ್ಟು ಇಳದಿ?" ಅಂದ.

"ಟೇಪು ಕುಂಬಳಕಾಯಿಗೆ ಕಟ್ಟೇನ್ರಿ" ಅಂದಳು ನೀಲಗಂಗವ್ವ. "ಬೇಕಾದ್ರ ಅದನ್ನ ಅಳಕೊಂಡು ಹೋಗ್ರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ತುಸು ಹೊತ್ತು ನಿಂತು ನನ್ನನ್ನು ನೋಡಿದ. ಗುರುತು ಹಿಡಿದನೋ ಇಲ್ಲವೋ. ಆಮೇಲೆ ಬಂದ ದಾರಿಯಲ್ಲೇ ಹೋದ.

ಈಗ ಬಿಸಿಲಿಗೆ ನನ್ನ ಬಣ್ಣ ಹೋಗಿದೆ. ಅಂಕಿಗಳೂ ಅಳಿಸುತ್ತಿವೆ. ಕಾಯಿ ದಿನದಿನವೂ ದಪ್ಪವಾಗುತ್ತಿದೆ. ಬೆಳಿಗ್ಗೆ ನೀಲಗಂಗವ್ವ ಬಂದು ಅದರ ಮೈ ಸವರಿ, ನನ್ನ ಗಂಟನ್ನು ತುಸು ಸಡಿಲು ಮಾಡಿ ಹೋಗುತ್ತಾಳೆ. ಯಾರೂ ಅದನ್ನು ಏನು ತಿಂದೆ ಎಂದು ಕೇಳುವುದಿಲ್ಲ.